ಬಿಸಿಲು ಕಾಣದ ಎಲುಬು

ಅಫಜಲಪುರ
ದಸರಾ ಮುಗದ ಮರುವಾರ, ೧೯೩೮

ನೆಲೋಗಿಯ ನನ್ನ ಅಕ್ಕ ಹಣಮವ್ವಗ, ನಿನ್ನ ಸಾಬವ್ವ ಇಲ್ಲಿಂದನ ಕಾಲು ಮುಟ್ಟಿ ಬರಿಯೋದು.

ಸಿಟ್ಟಾಗಬ್ಯಾಡ ಅಕ್ಕಾ. ನೀ ಮ್ಯಾಲಿಂದ ಮ್ಯಾಲ ಕಾಗದ ಹಾಕಿದಿ, ನಾ ಒಂದಕ್ಕೂ ಉತ್ತರ ಕೊಡಲಿಲ್ಲ. ಕುಂತು ಬರಿಯಾಕ ಟೊಂಕ ನಿಲ್ಲವಲ್ಲದು. ಈಗೂ ಬೋರಲ ಮಕ್ಕೊಂಡು, ಎದಿ ಕೆಳಗ ದಿಂಬು ಇಟ್ಕೊಂಡು ಬರಿಯಾಕತ್ತೇನಿ. ಅಪ್ಪ ಇದ್ದು ಈ ಸೊಟ್ಟ ಅಕ್ಷರ ನೋಡಿದ್ದರ ಕೈಗಿ ಛಡಿ ಬೀಳತಿತ್ತು. ಕಿಣ್ಣಿ ಸುಲ್ತಾನದ ಸಾಲ್ಯಾಗ ಗಂಡುಡುಗುರ ಸಾಲಿನಾಗ ನಮ್ಮಿಬ್ಬರಿಗೂ ಕೂಡಿಸಿ ಅಕ್ಷರ ತಿದ್ದಿಸಿದ ಪುಣ್ಯಾತ್ಮ.

ಭಾವ ಆರಾಮ ಅದಾರೇನು? ನಮ್ಮ ಸಣ್ಣಾಕಿ ಭಾಗವ್ವ ಹ್ಯಾಂಗ ಅದಾಳ? ಅವ್ವ ಹೋದ ಮ್ಯಾಲ ನೀನ ಆಕಿಗಿ ಅವ್ವ ಆದಿ. ಜ್ವಾಳದ ಹೊಲದಾಗ ನಿನಗಿಂತ ಮುಂದ ಕಳೆ ತಗೀತಾಳ, ಬಾಯಿ ಮಾತ್ರ ಒಂದು ಗಳಿಗಿ ಸುಮ್ಮ ಇರಾಂಗಿಲ್ಲ ಅಂತ ಬರದಿದ್ದಿ. ಓದಿ ಒಬ್ಬಾಕಿನ ನಕ್ಕೆ.

ನನ್ನ ಲಗ್ನದಾಗ ಊರ ಹೆಂಗಸರು ಏನಂದ್ರು ನೆನಪದಲ್ಲ? ಮಾಸ್ತರನ ಮಗಳು ದೇಸಾಯರ ವಾಡೇಕ ಹೋಗ್ತಾಳ, ಇನ್ನ ಬಿಸಿಲಿನ ಮಾರಿ ನೋಡಾಂಗಿಲ್ಲ ಅಂದ್ರು. ಹಾಂಗ ಆತು. ಈ ಮನ್ಯಾಗ ಸೊಸಿ ಆಗಿ ಬಂದಾಕಿ ಗೋಷಾದಾಗ ಇರಬೇಕು. ನಡುಮನಿ, ಅಡಗಿಮನಿ, ದೇವರ ಖೋಲಿ, ಮುಗೀತು. ಅಂಗಳ ಗಂಡಸರದ್ದು. ಎಲ್ಲಿಗರೆ ಹೋಗಬೇಕಂದ್ರ ಗಾಡಿಗಿ ಪಡದಾ ಕಟ್ಟತಾರ. ಹೊರಗಿನ ಊರು ಯಾವ ಬಣ್ಣದ್ದು ಅಂತ ನನಗ ಮರತದ.

ಮಗಳು ಕಾಶಿ ಹುಟ್ಟಿದ ಮ್ಯಾಲ ಟೊಂಕದಾಗ ಬ್ಯಾನಿ ಹಿಡೀತು. ಮೊದಲು ನೆಲದ ಮ್ಯಾಲಿಂದ ಏಳಾಕ ಕಂಬ ಬೇಕಾತು. ಆಮ್ಯಾಲ ತೊಡಿ, ಪಕ್ಕಡಿ ಎಲುಬು, ಬೆರಳಿಲೆ ಒತ್ತಿದ್ರೂ ಕಣ್ಣಾಗ ನೀರು. ನಡಿಯಾಕ ಹೋದ್ರ ಈ ಕಡಿ ಆ ಕಡಿ ಹೊಯ್ದಾಡತಿದ್ದೆ. ಕಾಶಿ ನನ್ನ ಹಿಂದ ನಿಂತು ನನ್ನಾಂಗ ನಡದು ತೋರಸತಿತ್ತು, ಅದನ್ನ ನೋಡಿ ಅತ್ತಿ ಗಂಗುಬಾಯಿಯವರು ಹೊಟ್ಟಿ ಹಿಡ್ಕೊಂಡು ನಗತಿದ್ರು. ವೈದ್ಯ ಬಂದ, ವಾಯು ಅಂದ. ಎಣ್ಣಿ ತಿಕ್ಕಿ, ಗಾಳಿ ತಾಕದಾಂಗ ಕತ್ತಲಿ ಖೋಲ್ಯಾಗ ಮಲಗಸ್ರಿ ಅಂದ. ಇದ್ದ ಒಂದು ಕಿಂಡಿಗೂ ಗೋಣಿತಟ್ಟು ಹೊಡದ್ರು.

ಎರಡನೇ ಕೂಸಿನ ಬ್ಯಾನಿ ಎದ್ದಾಗ ಸೂಲಗಿತ್ತಿ ನೋಡಿ ಹೊರಗ ಹೋಗಿ ಅತ್ತಿಯವರಿಗಿ ಹೇಳಿದ್ದು ನನಗ ಕೇಳಸ್ತು. "ದಾರಿನ ಮುಚ್ಚಿಕೊಂಡದ್ರಿ ಅವ್ವಾರ. ನನ್ನ ಎರಡು ಬೆರಳು ಹೋಗವಲ್ಲವು."

ಆದ್ರೂ ನನ್ನ ಹಾಂಗ ಇಟ್ಕೊಂಡು ಕುಂತ್ರು. ಒಳಗ ಗಂಡು ಇದ್ದರ ಇರಬಹುದು ಅನ್ನೋ ಆಶೇಕ ಕಡೀಕ ಸೋಲಾಪುರಕ್ಕ ಒಯ್ಯಾಕ ಒಪ್ಪಿದ್ರು. ನಮ್ಮ ಗಾಡಿ ಹೊಡಿಯೋ ರಸೂಲ ದುಧನಿ ಟೇಶನ್ ತನಕ ಎತ್ತು ಓಡಿಸಿದ. ಗಾಲಿ ಕಲ್ಲಿಗಿ ಬಡದಾಗೆಲ್ಲ ನಾ ಒದರತಿದ್ದೆ. ಪಡದಾದ ಹೊರಗಿಂದ ನಮ್ಮನಿಯವರು, "ದನಿ ತಗೀಬ್ಯಾಡ, ಹಾದ್ಯಾಗ ಮಂದಿ ಅದಾರ" ಅಂದ್ರು. ಸೆರಗು ಬಾಯಾಗ ತುರಕೊಂಡೆ.

ಕೂಸು ಗಂಡು ಇತ್ತು ಅಕ್ಕಾ. ಒಳಗ ಸತ್ತಿತ್ತು. ನನ್ನ ಎಲುಬು ಕುಸದು ಒಳಗಿನ ಹಾದಿ ಸಣ್ಣದಾಗಿ, ಇಡೀ ಕೂಸು ಹೊರಗ ಬರಾಕ ಜಾಗಾ ಇದ್ದಿಲ್ಲ. ಅರಿವಿ ಮುಚ್ಚಿದ ಒಂದು ಬಕೀಟು ನನ್ನ ಕಣ್ಣ ಮುಂದ ಹಾದು ಹೋತು. ತುಂಬಿದ ಕೂಸು ಅಷ್ಟು ಸಣ್ಣ ಬಕೀಟಿನಾಗ ಹ್ಯಾಂಗ ಹಿಡೀತು ಅಂತ ವಿಚಾರ ಮಾಡಿದೆ. ಆಮ್ಯಾಲ ತಿಳೀತು. ಇದರ ಮುಂದ ಕೇಳಬ್ಯಾಡ.

ಆ ವಾರ್ಡಿನಾಗ ನನ್ನಂಥವರು ಇನ್ನೂ ಇದ್ರು. ಒಬ್ಬಾಕಿ ಜಾಗೀರದಾರರ ಬೇಗಂ, ಒಬ್ಬಾಕಿ ಮಾರವಾಡಿ ಸೊಸಿ, ಒಬ್ಬಾಕಿ ಬ್ರಾಹ್ಮಣರ ಹುಡಗಿ, ಇನ್ನೂ ಮೀಸಿ ಚಿಗರದ ಗಂಡನ ಹೇಣತಿ. ಜಾತಿ ಬ್ಯಾರೆ, ಮಾತು ಬ್ಯಾರೆ, ನಡಿಗಿ ಒಂದ. ಡಾಕ್ಟರ ಬಾಯಿ ನಮ್ಮನಿಯವರಿಗಿ ಮಂಚದ ಹಂತ್ಯಾಕ ಕರದು ಮರಾಠ್ಯಾಗ ಸಾವಕಾಶ ಹೇಳಿದ್ರು. ನನಗೂ ಎಲ್ಲಾ ತಿಳೀತು.

"ಹೊಲದಾಗ ದುಡಿಯೋ ಹೆಂಗಸರು ನನ್ನ ಕಡಿ ಜ್ವರ ಅಂತ ಬರತಾರ, ರಕ್ತ ಇಲ್ಲ ಅಂತ ಬರತಾರ. ಈ ಬ್ಯಾನಿ ತಗೊಂಡು ಬರಾಂಗಿಲ್ಲ. ಇದು ಮನಿ ಒಳಗ ಮುಚ್ಚಿಟ್ಟವರ ಬ್ಯಾನಿ. ಮೈಗಿ ಬಿಸಿಲು ಬೀಳದಿದ್ರ ಎಲುಬು ಮೆತ್ತಗಾಗ್ತಾವ. ದಿನಾ ಬಿಸಿಲಾಗ ಕೂಡಸ್ರಿ. ಹಾಲು ಕುಡಸ್ರಿ, ಈ ಮೀನಿನ ಎಣ್ಣಿ ಕುಡಸ್ರಿ. ಮತ್ತ ಬಸರಾದ್ರ ಮನ್ಯಾಗ ಹಡಸಬ್ಯಾಡ್ರಿ. ಬ್ಯಾನಿ ಬರೂಕಿಂತ ಮೊದಲ ಇಲ್ಲಿ ತರ್ರಿ, ಹೊಟ್ಟಿ ಕೊಯ್ದು ಕೂಸು ತಗೀಬೇಕು. ಇಲ್ಲಂದ್ರ ಕೂಸಿನ ಜೋಡಿ ಈಕಿನೂ ಹೋಗ್ತಾಳ."

ನಮ್ಮನಿಯವರು ತಲಿ ಆಡಿಸಿದ್ರು.

ಮನಿಗಿ ಬಂದ ಮ್ಯಾಲ ಅತ್ತಿಯವರು ಆ ಎಣ್ಣಿ ಶೀಸೆ ಮೂಸಿ ನೋಡಿ, "ಅಂಗದ ಮ್ಯಾಲ ಲಿಂಗ ಇದ್ದಾಕಿ ಬಾಯಾಗ ಮೀನಾ?" ಅಂದು ಕುದುರಿ ಲಾಯಕ್ಕ ಕಳಿಸಿದ್ರು. ಬಿಸಿಲಿನ ಮಾತು ಯಾರೂ ಎತ್ತಲಿಲ್ಲ. ಲಾಯದಾಗ ಒಂದು ಕುದುರಿಮರಿ ಅದ, ಮುಂಗಾಲು ಸೊಟ್ಟ ಇದ್ದದ್ದು. ಆಗ ನಮ್ಮನಿಯವರಿಗಿ ಡಾಕ್ಟರ ಮಾತು ನೆನಪಾತು ನೋಡು. ದಿನಾ ಮುಂಜಾನಿ ಮರಿನ್ನ ಅಂಗಳದಾಗ ಬಿಸಿಲಿಗಿ ಬಿಡಸ್ತಾರ, ನನ್ನ ಶೀಸೆದ ಎಣ್ಣಿ ರಸೂಲನ ಕೈಲೆ ಅದರ ಬಾಯಾಗ ಹೊಯಸ್ತಾರ. ನಾ ಒಂದಿನ ಧೈರ್ಯ ಮಾಡಿ ಕೇಳಿದೆ. "ಅದರ ಕೊರಳಾಗ ಲಿಂಗ ಇಲ್ಲಲ್ಲ" ಅಂದು ನಕ್ಕರು. ಮರಿ ಕಾಲು ಈಗ ನೆಟ್ಟಗಾಗ್ಯಾವ. ನೋಡಾಕ ಬಂದವರಿಗಿ, ಸೋಲಾಪುರದ ದೊಡ್ಡ ಡಾಕ್ಟರ ಇಲಾಜು ಅಂತ ಹೇಳ್ತಾರ.

ಇಷ್ಟ ನನ್ನ ಹಕೀಕತ್ತು. ನೀ ಹೊಲದಾಗ ಸುಡೋ ಬಿಸಿಲಾಗ ಬಗ್ಗಿ ಬಗ್ಗಿ ಸಾಕಾತು ಅಂತ ಬರೀತಿ. ನಿನ್ನ ಬೆನ್ನಿಗಿ ನನ್ನ ಶರಣು.

ನಿನ್ನ
ಸಾಬವ್ವ

*

ಅಫಜಲಪುರ
ಕಾರಹುಣ್ಣಿವಿ ಆದ ಮ್ಯಾಲ, ೧೯೩೯

ಅಕ್ಕಾ,

ನಿನ್ನ ಕಾಗದ ಮುಟ್ಟಿತು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದ್ದೂ ಮುಟ್ಟಿತು, ನನಗ ರುಚಿ ನೋಡಾಕ ಮಾತ್ರ ಕಾಶಿ ಬಿಡಲಿಲ್ಲ. ಆಕಿ ನಿನ್ನ "ನೆಲೋಗಿ ಅವ್ವ" ಅಂತಾಳ. ಇಷ್ಟು ದಿನ ಯಾಕ ಬರೀಲಿಲ್ಲ ಅಂದ್ರ, ಈ ಸಲ ಸುಖದಾಗ ಇದ್ದೆ. ಸುಖದಾಗ ಇದ್ದಾಗ ಮನಷ್ಯಾಗ ಕಾಗದ ನೆನಪಾಗಾಂಗಿಲ್ಲ ಕಾಣಸ್ತದ.

ನಮ್ಮ ದನದ ಮನಿ ಹಸನ ಮಾಡಾಕ ಮಲ್ಕಮ್ಮ ಅಂತ ಒಬ್ಬಾಕಿ ಬರತಿದ್ದಳು. ಆಕಿಗಿ ವಾಡೇದ ಹೊಸ್ತಿಲ ದಾಟಿ ಒಳಗ ಬರೋ ಹಕ್ಕಿಲ್ಲ, ನನಗ ಹೊಸ್ತಿಲ ದಾಟಿ ಹೊರಗ ಹೋಗೋ ಹಕ್ಕಿಲ್ಲ. ಹೊರಕಡಿಗಿ ಅಂತ ಹಿತ್ತಲದಾಗ ಹೋಗಾಕ ಅಷ್ಟ ನನಗ ಬಿಡ್ತಿದ್ರು. ಅಲ್ಲೆ ಆಕಿ ಕುಳ್ಳು ಬಡೀತಿದ್ದಳು. ಒಂದಿನ ನಾ ಏಳಾಕ ಬರದ ಗ್ವಾಡಿ ಹಿಡದು ಅಳತಿದ್ದೆ. ಆಕಿ ದೂರ ನಿಂತು, "ಯಾಕ್ರಿ ಅವ್ವಾ, ಏನಾಗ್ಯದ್ರಿ?" ಅಂದ್ಳು. ಡಾಕ್ಟರ ಹೇಳಿದ್ದು ಎಲ್ಲಾ ಹೇಳಿದೆ.

ಆಕಿ ಬಾಯಿ ಮ್ಯಾಲ ಕೈ ಇಟ್ಕೊಂಡಳು. "ಬಿಸಿಲಾ? ಬಿಸಿಲಿಲ್ಲದ ಬ್ಯಾನಿ ಬಿದ್ದದೇನ್ರಿ ನಿಮಗ? ಬರ್ರಿ, ಇಲ್ಲಿ ಕುಳ್ಳಿನ ಒಟ್ಟಿಲ ಮರಿಗಿ ಕೂಡ್ರಿ. ಯಾರರೆ ಬಂದ್ರ ನಾ ದನ ಹೊಡದಾಂಗ ಮಾಡಿ ಒದರತೇನಿ."

ಅವತ್ತಿನಿಂದ ದಿನಾ ಕುಂತೆ. ರಟ್ಟಿ ತನಕ ಕುಬಸ ಏರಿಸಿ, ಮೊಣಕಾಲ ತನಕ ಸೀರಿ ಎತ್ತಿ, ನಾಚಿಕಿ ಬಿಟ್ಟು. ಮೊದಲು ಕಣ್ಣು ತಗಿಯಾಕ ಆಗಲಿಲ್ಲ. ಆಮ್ಯಾಲ ಮೈ ತಾನ ಬಿಸಿಲು ಬೇಡಾಕ ಹತ್ತಿತು. ಮಲ್ಕಮ್ಮ ಶಗಣಿ ಕೈಲೆ ಕುಂತು ತನ್ನ ಗಂಡನ ಸುದ್ದಿ, ಓಣಿ ಸುದ್ದಿ ಹೇಳ್ತಿದ್ದಳು. ಆಕಿ ನನ್ನ ಮುಟ್ಟಲಿಲ್ಲ, ನಾ ಆಕಿನ್ನ ಮುಟ್ಟಲಿಲ್ಲ, ಆದ್ರ ಅಕ್ಕಾ, ನಮ್ಮಿಬ್ಬರಷ್ಟು ಹಂತ್ಯಾಕ ಈ ವಾಡೇದಾಗ ಯಾರೂ ಇದ್ದಿಲ್ಲ. ಬ್ಯಾಸಗಿ ಬರೋದ್ರೊಳಗ ನಾ ಕಂಬ ಇಲ್ಲದ ಏಳತಿದ್ದೆ. ಕಾಶಿನ್ನ ಎತ್ತಿಕೊಂಡು ನಡುಮನಿ ತುಂಬ ತಿರಗಾಡಿದೆ.

ಅತ್ತಿಯವರ ಕಣ್ಣಿಗಿ ನನ್ನ ನಡಿಗಿ ಬೀಳಲಿಲ್ಲ. ಬಣ್ಣ ಬಿತ್ತು. ಒಂದಿನ ದೀಪ ಹಚ್ಚೂವಾಗ ನನ್ನ ಗದ್ದ ಹಿಡದು ಎತ್ತಿ, "ನಿನ್ನ ಮಾರಿ ಯಾಕ ಕಪ್ಪಾಗ್ಯದಬೇ?" ಅಂದ್ರು.

ಮರುದಿನ ಹಿತ್ತಲಕ್ಕ ಮಂದಿ ಕಾವಲಿಟ್ರು. ಕುಳ್ಳಿನ ಒಟ್ಟಿಲ ಹಿಂದ ನಾ ಸಿಕ್ಕೆ. ದೇಸಾಯರ ಸೊಸಿ, ಶಗಣ್ಯಾಗ, ಮಲ್ಕಮ್ಮನ ಮುಂದ, ತೊಡಿ ತನಕ ಸೀರಿ ಎತ್ತಿ ಕುಂತಿದ್ದಳು ಅಂತ ಸುದ್ದಿ ಆತು. ನನಗ ಯಾರೂ ಹೊಡೀಲಿಲ್ಲ. ಹೊಡದ್ರ ಎಲುಬು ಮುರೀತಾವ ಅಂತ ಗೊತ್ತದಲ್ಲ. ನನ್ನ ಪಾಲಿನ ಹೊಡತ ಮಲ್ಕಮ್ಮಗ ಬಿದ್ದವು. ನಮ್ಮನಿಯವರು ಅಂಗಳದಾಗ ಆಕಿನ್ನ ಬಡಿಸಿದ್ದು ನಾ ಒಳಗಿಂದ ಕೇಳಿದೆ. ಬಲಗೈ ಮುರದದ ಅಂತ ರಸೂಲ ಹೇಳಿದ. ಆಕಿ ಗಟ್ಟಿ ಎಲುಬಿನಾಕಿ ಇದ್ದಳು. ಆಕಿ, ಆಕಿ ಗಂಡ ಈಗ ಊರಾಗಿಲ್ಲ, ಮಟಕಿ ಊರ ಕಡಿ ಹೋದ್ರಂತ.

ಹಿತ್ತಲ ಬಾಗಲಿಗಿ ಕಲ್ಲಿಟ್ಟು ಗಾರಿ ಹಚ್ಚಿಬಿಟ್ರು. ನನಗ ಖೋಲಿ ಮೂಲ್ಯಾಗ ಒಂದು ತಗಡಿನ ಡಬ್ಬಿ ಇಟ್ಟಾರ.

ಮತ್ತ ಬಸರಾಗೇನಿ ಅಕ್ಕಾ. ನೀ ದೇವರಿಗಿ ಏನೂ ಬೇಡಿಕೊಳ್ಳಬ್ಯಾಡ. ಗಂಡು ಅಂತನೂ ಬ್ಯಾಡ, ಹೆಣ್ಣು ಅಂತನೂ ಬ್ಯಾಡ. ಹೊತ್ತಿಗಿ ಸರಿಯಾಗಿ ನನ್ನ ಸೋಲಾಪುರಕ್ಕ ಒಯ್ದ್ರ ಸಾಕು.

ನಿನ್ನ
ಸಾಬವ್ವ

*

ಅಫಜಲಪುರ
ದೀಪಾವಳಿ ಪಾಡ್ಯ, ೧೯೩೯

ಅಕ್ಕ ಹಣಮವ್ವಗ ಸಾಬವ್ವ ಶರಣು ಮಾಡಿ ಬರಿಯೋದು.

ಈ ಕಾಗದ ಬರಿಯೂವಾಗ ನಮ್ಮನಿಯವರು ನನ್ನ ಎದುರಿಗಿ ಗಾದಿ ಮ್ಯಾಲ ಕುಂತು ಎಲಿ ಅಡಕಿ ಮೆಲ್ಲಾಕತ್ತಾರ. ಏನು ಬರೀಬೇಕು ಅಂತ ಅವರು ಹೇಳ್ತಾರ, ನಾ ಬರೀತೇನಿ. ಅವರಿಗಿ ಉರ್ದು ಬರ್ತದ, ಮರಾಠಿ ಮೋಡಿ ಅಕ್ಷರ ಬರ್ತದ. ಕನ್ನಡ ಅಕ್ಷರ ಬರಾಂಗಿಲ್ಲ. ಅದಕ್ಕ ನಾ ನನಗ ಬೇಕಾದ್ದು ಬರಿಯಾಕತ್ತೇನಿ. ನೀ ಸಾವಕಾಶ ಓದು.

ಅವರು ಹೇಳೋದು ಇಷ್ಟು. ಭಾಗವ್ವನ್ನ ನಮ್ಮ ಮನಿಗಿ ಎರಡನೇ ಹೇಣತಿ ಮಾಡಿ ಕೊಡಬೇಕಂತ. ನಾನ ನಿನಗ ಬರದು ಕೇಳಬೇಕಂತ, ತಂಗಿ ತಂದ್ರ ನನಗೂ ಆಸರಾ ಆಗ್ತದ ಅಂತ ಬರೀಬೇಕಂತ. ನಿನ್ನೆ ನಾ ಆಗಾಂಗಿಲ್ಲ ಅಂದೆ. ನನ್ನ ಗಂಡ ಚಂದ್ರಾಮಪ್ಪ ದೇಸಾಯರಿಗಿ ಸಿಟ್ಟು ಬರಾಂಗಿಲ್ಲ ನೋಡು, ಸಮಾಧಾನಲೆ ಮಾತಾಡ್ತಾರ.

"ಡಾಕ್ಟರ ಬಾಯಿನ ಹೇಳ್ಯಾಳಲ್ಲ," ಅಂದ್ರು, "ಹೊಲದಾಗ ದುಡಿಯೋರ ಎಲುಬು ಗಟ್ಟಿ ಇರ್ತಾವ ಅಂತ. ನಿನ್ನ ತಂಗಿ ಬಿಸಿಲಾಗ ಬೆಳದಾಕಿ. ನಾಕು ಗಂಡು ಹಡೀತಾಳ."

"ನನ್ನ ಹೊಟ್ಟ್ಯಾಗ ಕೂಸದ್ರಿ" ಅಂದೆ.

"ಅದ. ಹೋದ ಸಲನೂ ಇತ್ತು."

ಮತ್ತ ಅಂದ್ರು, "ನೀ ಕಾಗದ ಬರಿ, ಲಗ್ನ ಆದ ಮ್ಯಾಲ ಸೋಲಾಪುರಕ್ಕ ಕಳಸ್ತೇನಿ. ಬರೀದಿದ್ರ ಇಲ್ಲೆ ಹಡಿ. ಸೂಲಗಿತ್ತಿ ಅದಾಳ."

ಇದು ಅವರ ಕರಾರು. ಈಗ ನಾ ಹೇಳೋದು ಕೇಳು. ಭಾಗವ್ವನ್ನ ಕೊಡಬ್ಯಾಡ. ನನ್ನ ಕುತ್ತಿಗಿಗಿ ಏನ ಬರ್ಲಿ, ಕೊಡಬ್ಯಾಡ. ಈ ಮನ್ಯಾಗ ಎಲುಬು ಗಟ್ಟಿ ಇದ್ದಾಕಿ ಅಂತ ಒಬ್ಬಾಕಿನೂ ಉಳಿಯಾಂಗಿಲ್ಲ, ಎಷ್ಟು ದಿನಕ್ಕ ಮೆತ್ತಗಾಗ್ತಾವ ಅನ್ನೋದು ಅಷ್ಟ. ನಾನೂ ನಿನ್ನಾಂಗ ಗಟ್ಟಿ ಇದ್ದೆ, ನೆನಪು ಮಾಡ್ಕೋ. ಅತ್ತಿಯವರೂ ಬಂದಾಗ ಗಟ್ಟಿನ ಇದ್ದಿರಬೇಕು, ಈಗ ಗೂನು ಬೆನ್ನಲೆ ನೆಲ ನೋಡತ ನಡೀತಾರ, ಅದಕ್ಕ ವಯಸ್ಸು ಅಂತ ಹೆಸರು ಇಟ್ಕೊಂಡಾರ. ಭಾಗವ್ವಗ ಯಾವನರೆ ಹೊಲಾ ಮಾಡೋ ಹುಡುಗನ್ನ ನೋಡು. ಕೂಲಿ ಮಾಡಿದ್ರೂ ಚಿಂತಿ ಇಲ್ಲ. ಈ ವಾರನ ನಿಶ್ಚಯ ಮಾಡಿಬಿಡು, ಇವರು ಬಂದು ಕೇಳಿದ್ರ ಮಾತು ಕೊಟ್ಟೇವ್ರಿ ಅಂತ ಹೇಳಾಕ ಬರ್ತದ.

"ಇಷ್ಟು ಉದ್ದ ಏನು ಬರೀತಿ?" ಅಂತ ಈಗ ಕೇಳಿದ್ರು. "ಯೋಗಕ್ಷೇಮ ಬರೀಬೇಕಲ್ರಿ, ಇಲ್ಲಂದ್ರ ಅಕ್ಕಗ ಸಂಶೇ ಬರ್ತದ" ಅಂದೆ. "ಓದು" ಅಂದ್ರು. ಕಾಗದ ಕೈಯಾಗ ಹಿಡದು ಅವರು ಹೇಳಿದ್ದೆಲ್ಲ ಬಾಯಿಲೆ ಓದಿದಾಂಗ ಒಪ್ಪಿಸಿದೆ. ಛಲೋ ಬರದಿ ಅಂದ್ರು. ಲಗ್ನ ಆದಾಗಿನಿಂದ ಅವರು ನನಗ ಛಲೋ ಅಂದದ್ದು ಇದ ಮೊದಲು.

ಕಾಶಿನ್ನ ಮುಂದ ಯಾವಾಗರೆ ನಿನ್ನ ಮನಿಗಿ ಒಂದು ಬ್ಯಾಸಗಿ ಕರಕೊಂಡು ಹೋಗು. ನಾ ಅಳಾಕತ್ತಿಲ್ಲ, ಎದುರಿಗಿ ಕುಂತಾರಲ್ಲ, ಅಳಾಂಗಿಲ್ಲ.

ಸಾಬವ್ವ

*

ಅಫಜಲಪುರ
ಶ್ರಾವಣ, ೧೯೪೦

ಅಕ್ಕಾ,

ಲಗ್ನ ಮಾಡಿಕೊಟ್ಟು ಹೋದ ಮ್ಯಾಲ ನೀ ಒಂದು ಅಕ್ಷರ ಹಾಕಿಲ್ಲ. ನಾನೂ ಹಾಕಲಿಲ್ಲ. ಮೊದಲು ಹಾಸಗಿ ಬಿಟ್ಟು ಏಳತಿದ್ದಿಲ್ಲ, ಆಮ್ಯಾಲ ಏನು ಬರೀಬೇಕು ತಿಳೀಲಿಲ್ಲ. ನೀ ಆರಾಮ ಇರ್ಬೇಕು ಅಂತ ಮನಸಿನಿಂದ ಬೇಡತೇನಿ, ಇದು ಬಾಯಿಮಾತು ಅಲ್ಲ.

ನನ್ನ ಕಾಗದ ಓದಿ ನೀ ಭಾಗವ್ವಗ ಗಂಡು ನೋಡ್ತಿ ಅಂತ ತಿಳದಿದ್ದೆ. ನೀ ಪಡದಾ ಗಾಡ್ಯಾಗ ಆಕಿನ್ನ ಕೂಡಿಸಿಕೊಂಡು ಬಂದಿ. ನಾ ನಡುಮನ್ಯಾಗ ಮಕ್ಕೊಂಡಿದ್ದೆ. "ಅಕ್ಕಾ, ಕಾಗದ ಓದಿಲ್ಲೇನು?" ಅಂದೆ. ನೀ ನನ್ನ ಕಾಲ ಕಡಿ ಕುಂತು, "ಓದೇನಿ" ಅಂದಿ. "ಒಬ್ಬಾಕಿ ಸಾಯೂದು ನೋಡತ ಕುಂದರಲಿ ಹ್ಯಾಂಗ? ಭಾಗವ್ವ ಗಟ್ಟಿ ಅದಾಳ. ತಡೀತಾಳ." ಅಕ್ಷತಿ ಹಾಕಿ, ನೀರು ಸುದ್ದಾ ಕುಡೀದ ಹೋದಿ.

ಕರಾರು ತಪ್ಪಲಿಲ್ಲ ನೋಡು. ನನ್ನ ಸೋಲಾಪುರಕ್ಕ ಒಯ್ದ್ರು. ಹೊಟ್ಟಿ ಕೊಯ್ದ್ರು. ಎಚ್ಚರ ಆದಾಗ ಮಗ್ಗಲದಾಗ ಕೂಸು ಅಳಾಕತ್ತಿತ್ತು. ಗಂಡು. ತುಂಬಿದ ಮೈ, ದೊಡ್ಡ ಕೈ. ಹೆಸರು ಶಿವಲಿಂಗಪ್ಪ ಅಂತ ಇಟ್ಟಾರ. ಡಾಕ್ಟರ ಬಾಯಿ ನನ್ನ ಮಂಚ ವರಾಂಡದಾಗ ಬಿಸಿಲಿಗಿ ಹಾಕಿಸಿದ್ರು, ಆ ಎಣ್ಣಿನೂ ಕುಡದೆ, ಮೀನಿನ ವಾಸನಿ ಏನೂ ಅನಸಲಿಲ್ಲ. ಇನ್ನೂ ಕೆಲವು ತಿಂಗಳು ಇಡ್ರಿ, ಪೂರಾ ನೆಟ್ಟಗ ಮಾಡಿ ಕಳಸ್ತೇನಿ ಅಂತ ಅವರು ಅಂದ್ರು. ಮನಿಯವರು ಗಂಡುಕೂಸು ಮನಿಗಿ ಬೇಕು ಅಂದು ಹೊಲಿಗಿ ಬಿಚ್ಚಿದ ಮರುದಿನ ಗಾಡಿ ತಂದ್ರು.

ಈಗ ವಾಡೇಕ ವಾರಸುದಾರ ಬಂದ. ಎರಡನೇ ಹೇಣತಿ ಯಾಕ ತಂದ್ರು ಅಂತ ಅವರಿಗಿ ನೆನಪಿಲ್ಲ. ಅತ್ತಿಯವರು ಭಾಗವ್ವನ ಮಾರಿ ಮ್ಯಾಲನ, "ಜರಾ ತಡದಿದ್ರ ಇದೊಂದು ಬಾಯಿ ಉಳೀತಿತ್ತು" ಅಂತಾರ. ನಮ್ಮನಿಯವರು ಆಕಿ ಖೋಲಿಗಿ ಹೋಗೋದು ಬಿಟ್ಟಿಲ್ಲ. ಹಗಲಿಗಿ ಆಕಿ ನನ್ನ ಕೂಸಿನ್ನ ಎರಿತಾಳ, ನನ್ನ ಟೊಂಕಕ್ಕ ಎಣ್ಣಿ ತಿಕ್ಕತಾಳ, ನನ್ನ ಡಬ್ಬಿ ತೊಳೀತಾಳ. ಎಲ್ಲಾ ಛಂದಾಗಿ ಮಾಡ್ತಾಳ. ಬಾಯಿ ಬಿಡಾಂಗಿಲ್ಲ. ಒಂದು ಗಳಿಗಿ ಸುಮ್ಮ ಇರಾಂಗಿಲ್ಲ ಅಂತ ನೀ ಬರೀತಿದ್ದಿಯಲ್ಲ, ಆ ಹುಡಗಿ ಬ್ಯಾರೆ ಯಾರೋ ಇರಬೇಕು.

ಕೂಸಿಗಿ ನಿನ್ನ ಆಶೀರ್ವಾದ ಇರ್ಲಿ. ನಿನ್ನ ಮಕ್ಕಳಿಗಿ ನನ್ನವು. ಭಾವಗ ಶರಣು ಹೇಳು. ನೀ ನನ್ನ ಜೀವಾ ಉಳಿಸಿದಿ, ಅದನ್ನ ಇಲ್ಲ ಅನ್ನಾಂಗಿಲ್ಲ.

ನಿನ್ನ
ಸಾಬವ್ವ

ತಾ.ಕ. ಕಾಗದ ಮಡಚಿ ಇಟ್ಟಿದ್ದೆ, ಮತ್ತ ಬಿಚ್ಚೇನಿ. ನಿನ್ನೆ ಭಾಗವ್ವ ಬಾಯಿ ಬಿಟ್ಳು. ನನ್ನ ಬೆನ್ನಿಗಿ ಎಣ್ಣಿ ತಿಕ್ಕತ, ಮಾರಿ ಕಾಣದಾಂಗ ಹಿಂದ ಕುಂತು ಕೇಳಿದ್ಳು. "ನನ್ನ ಯಾಕ ಕರಸಿದಿ ಅಕ್ಕಾ?" ನಾ ಕರಸಿಲ್ಲ, ಕೊಡಬ್ಯಾಡ ಅಂತ ಬರದಿದ್ದೆ ಅಂದೆ. "ಸುಳ್ಳು ಹೇಳಬ್ಯಾಡ," ಅಂದ್ಳು. "ಸಾಬಕ್ಕನ ಕಾಗದ ಬಂದದ, ಭಾಗವ್ವನ್ನ ಕಳಿಸಿದ್ರ ನಾ ಉಳೀತೇನಿ ಅಂತ ಬರದಾಳ, ಹೀಂಗಂತ ಹಣಮಕ್ಕನ ನನ್ನ ಮುಂದ ಓದಿ ಹೇಳ್ಯಾಳ. ಅದಕ್ಕ ನಾ ಬಂದೆ. ನೀ ಕರದಿ ಅಂತ ಬಂದೆ." ಇಲ್ಲಬೇ, ಖರೇನ ಬ್ಯಾಡ ಅಂದಿದ್ದೆ ಅಂತ ನಾ ಆಣಿ ಮಾಡಿದೆ. ಆಕಿ ಕೈ ನಿಲ್ಲಿಸಲಿಲ್ಲ. "ಬ್ಯಾಡ ಅಂದಿದ್ದಿ ಅಂದ್ರ ನೀ ಸಾಯಬೇಕಾಗಿತ್ತಲ್ಲ" ಅಂದ್ಳು. "ಜೀವಂತ ಅದಿ."

ಯಾವ ಅಕ್ಷರ ಓದಿ ಯಾವ ಮಾತು ಹೇಳಿದಿ ಅಂತ ನಾ ನಿನಗ ಕೇಳಾಂಗಿಲ್ಲ. ಆಕಿಗಿ ಖರೇ ಹೇಳು, ಅಷ್ಟ. ಕಾಗದದಾಗ ಬ್ಯಾಡ, ಆಕಿಗಿ ಓದಾಕ ಬರಾಂಗಿಲ್ಲ. ನಾನ ಓದಿ ಹೇಳಬೇಕಾಗ್ತದ, ನಾ ಓದಿದ್ದು ಆಕಿ ನಂಬಾಂಗಿಲ್ಲ. ನೀನ ಬಾ.